ಹಿಂದಿನ ಗಾಲಿಯ ಬ್ರೇಕ್ ಶೂ: ಡ್ರಮ್ ಬಿಚ್ಚುವುದರಿಂದ ಹ್ಯಾಂಡ್‌ಬ್ರೇಕ್ ಹೊಂದಿಸುವವರೆಗೆ

"ಹೊಸಾ ಲೈನರ್ ಹಾಕಿಸಿ ತಿಂಗಳ ಆಗಿಲ್ರಿ, ಹ್ಯಾಂಡ್‌ಬ್ರೇಕ್ ಹಿಡಿಯವಲ್ದು." "ಬಲಗಡೆ ಗಾಲಿ ಕೈ ಹಚ್ಚಾಕ ಆಗದಷ್ಟ ಸುಡಾಕತ್ತೈತಿ." ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಬ್ರೇಕ್ ಬಗ್ಗೆ ಕೇಳುವುದು ಹೆಚ್ಚುಕಡಿಮೆ ಈ ಎರಡೇ ಪ್ರಶ್ನೆ. ಎರಡಕ್ಕೂ ಬೇರು ಹೆಚ್ಚಾಗಿ ಒಂದೇ. ಹಾಕಿದ ಸಾಮಾನು ಚೆನ್ನಾಗಿಯೇ ಇರುತ್ತದೆ, ಕೆಲಸದ ಕ್ರಮ ಮಾತ್ರ ಹಿಂದುಮುಂದಾಗಿರುತ್ತದೆ. ಹ್ಯಾಂಡ್‌ಬ್ರೇಕ್ ಸಡಿಲಾಯಿತು ಅಂದಕೂಡಲೇ ಕೇಬಲ್ ಬಿಗಿ ಮಾಡುತ್ತಾರೆ. ಆದರೆ ಕೇಬಲ್ ಬಿಗಿ ಮಾಡಬೇಕಾದದ್ದು ಎಲ್ಲ ಕೆಲಸ ಮುಗಿದ ಮೇಲೆ, ಕಟ್ಟಕಡೆಗೆ. ಈ ಬರಹದ ಹಂತಗಳೆಲ್ಲ ಆ ಒಂದು ಮಾತಿನ ಸುತ್ತಲೇ ಜೋಡಣೆಯಾಗಿವೆ. ಆದ್ದರಿಂದ ನಡುವೆ ಹಂತ ಹಾರಿಸಬೇಡಿ.

ಇಲ್ಲಿ ಹೇಳಿದ್ದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಕಾರುಗಳಿಗೆ. ನಮ್ಮ ರಸ್ತೆಯಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಇವೇ. ಹಿಂದೆಯೂ ಡಿಸ್ಕ್ ಇದ್ದರೆ ನಿಮ್ಮ ಕೆಲಸ ಬೇರೆ.

## ಮೊದಲು ಒಳಗಿನ ರಚನೆ ತಿಳಿಯಿರಿ

ಗಾಲಿಯ ಜೊತೆ ತಿರುಗುವ, ಬೋಗುಣಿಯಂಥ ಕಬ್ಬಿಣದ ಭಾಗವೇ ಡ್ರಮ್. ಅದನ್ನು ತೆಗೆದಾಗ ಕಾಣುವುದು ಅರ್ಧಚಂದ್ರದ ಆಕಾರದ ಎರಡು ಶೂ. ಕಬ್ಬಿಣದ ಬಾಗಿದ ಪಟ್ಟಿ, ಅದರ ಹೊರಮೈಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಲೈನಿಂಗ್. ಗ್ಯಾರೇಜಿನಲ್ಲಿ ಇಡೀ ಶೂಗೇ "ಲೈನರ್" ಅನ್ನುತ್ತಾರೆ. ಎರಡು ಶೂಗಳ ಮೇಲ್ತುದಿಯ ನಡುವೆ ವೀಲ್ ಸಿಲಿಂಡರ್ ಇರುತ್ತದೆ. ನೀವು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅದರೊಳಗಿನ ಎರಡು ಪಿಸ್ಟನ್‌ಗಳನ್ನು ಹೊರಗೆ ನೂಕುತ್ತದೆ, ಶೂಗಳು ಅಗಲಿ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಕಾಲು ತೆಗೆದಾಗ ರಿಟರ್ನ್ ಸ್ಪ್ರಿಂಗ್‌ಗಳು ಶೂಗಳನ್ನು ಮತ್ತೆ ಒಳಗೆಳೆಯುತ್ತವೆ.

ಎರಡು ಶೂಗಳೂ ಒಂದೇ ಕೆಲಸ ಮಾಡುವುದಿಲ್ಲ. ಗಾಡಿ ಮುಂದಕ್ಕೆ ಓಡುವಾಗ ಮುಂಭಾಗದ ಶೂವನ್ನು ತಿರುಗುವ ಡ್ರಮ್ಮೇ ತನ್ನ ಕಡೆ ಎಳೆದುಕೊಳ್ಳುತ್ತದೆ, ಹಾಗಾಗಿ ಅದರ ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಹಿಂಭಾಗದ ಶೂಗೆ ಪಾರ್ಕಿಂಗ್ ಲಿವರ್ ಸೇರಿರುತ್ತದೆ. ಹ್ಯಾಂಡ್‌ಬ್ರೇಕಿನ ಕೇಬಲ್ ಬಂದು ಕೊಂಡಿ ಹಾಕಿಕೊಳ್ಳುವುದು ಈ ಲಿವರಿಗೆ.

ಎರಡು ಶೂಗಳ ನಡುವೆ ಅಡ್ಡಲಾಗಿ ನಿಂತ ಕಡ್ಡಿಯಂಥ ಭಾಗವೇ ಅಡ್ಜಸ್ಟರ್. ಲೈನಿಂಗ್ ಸವೆದಂತೆ ಶೂ ಮತ್ತು ಡ್ರಮ್ ನಡುವಿನ ತೆರವು ಹೆಚ್ಚುತ್ತದೆ. ಅಡ್ಜಸ್ಟರ್ ಒಂದೊಂದೇ ಹಲ್ಲು ಮುಂದೆ ಹೋಗಿ ಆ ತೆರವನ್ನು ತುಂಬುತ್ತದೆ. ಬಹಳಷ್ಟು ಕಾರುಗಳಲ್ಲಿ ಇದು ಪೆಡಲ್ ಒತ್ತಿದಾಗ, ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ನಡೆಯುತ್ತದೆ.

ಈಗ ಕೇಬಲ್ ವಿಷಯಕ್ಕೆ ಬನ್ನಿ. ಕೇಬಲನ್ನು ಮೊದಲೇ ಬಿಗಿ ಮಾಡಿದರೆ ಹ್ಯಾಂಡ್‌ಬ್ರೇಕ್ ಇಳಿಸಿದಾಗಲೂ ಪಾರ್ಕಿಂಗ್ ಲಿವರ್ ಸ್ವಲ್ಪ ಎಳೆದೇ ನಿಂತಿರುತ್ತದೆ. ಶೂಗಳು ಅರ್ಧ ಅಗಲಿಯೇ ಇರುತ್ತವೆ. ಅಡ್ಜಸ್ಟರಿಗೆ ತೆರವು ಇದೆ ಅನ್ನುವುದೇ ಗೊತ್ತಾಗುವುದಿಲ್ಲ, ಅದು ಅಲ್ಲೇ ಕೂತುಬಿಡುತ್ತದೆ. ಕೆಲವು ದಿನ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆ, ಲೈನಿಂಗ್ ಸವೆಯುತ್ತದೆ, ಮತ್ತೆ ಸಡಿಲ. ಮತ್ತೆ ಕೇಬಲ್ ಬಿಗಿ. ಒಂದು ದಿನ ಗಾಲಿ ಸುಡಲು ಶುರುವಾಗುತ್ತದೆ.

## ಹಂತ 1: ಬಿಚ್ಚುವ ಮೊದಲು ಲಕ್ಷಣ ನೋಡಿ

ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ, ಎರಡು ಸಲ ತುಳಿದರೆ ಮೇಲೆ ಬರುತ್ತದೆ ಅಂದರೆ ಹಿಂದಿನ ಶೂಗಳ ತೆರವು ಹೆಚ್ಚಾಗಿದೆ ಎಂದು ಅನುಮಾನಿಸಬೇಕು. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ತಳಕ್ಕಿಳಿದರೆ ಅದು ಶೂ ಸಮಸ್ಯೆಯಲ್ಲ. ಎಲ್ಲೋ ಆಯಿಲ್ ಸೋರುತ್ತಿದೆ ಅಥವಾ ಪೆಡಲ್ ಒತ್ತಿದಾಗ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಆ ಗಾಡಿಯನ್ನು ಓಡಿಸಬೇಡಿ.

ಹಿಂದಿನಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬಂದರೆ ಲೈನಿಂಗ್ ಮುಗಿದಿದೆ, ಡ್ರಮ್ ಕೂಡ ಗೀರು ಬಿದ್ದಿರುತ್ತದೆ. ಮಳೆಗಾಲದಲ್ಲಿ ಬೆಳಗ್ಗೆ ಮೊದಲ ಒಂದೆರಡು ಬ್ರೇಕಿಗೆ ಮಾತ್ರ ಕರಕರ ಅಂದು ನಿಂತರೆ ಅದು ರಾತ್ರಿ ಹಿಡಿದ ತೆಳು ತುಕ್ಕು, ಹೆದರಬೇಕಿಲ್ಲ.

ಹಿಂದಿನ ಗಾಲಿಯ ಒಳಬದಿಯ ಟೈರ್ ಮೇಲೆ ಒದ್ದೆ ಗೆರೆ ಇಳಿದಿದೆಯೇ ಬಗ್ಗಿ ನೋಡಿ. ಅದು ಬ್ರೇಕ್ ಆಯಿಲ್ ಆಗಿದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವನ್ನೂ ಆಗಲೇ ನೋಡಿಕೊಳ್ಳಿ. ಮಟ್ಟ ಇಳಿದಿದೆಯೆಂದು ಕಾರಣ ಹುಡುಕದೆ ಬರೀ ಆಯಿಲ್ ತುಂಬಿ ಮುಚ್ಚಳ ಹಾಕುವುದು ಅಪಾಯದ ಅಭ್ಯಾಸ.

ಎರಡೂ ಕಡೆ ಬಿಸಿ ಹೋಲಿಸಲು ಐದಾರು ಕಿಲೋಮೀಟರ್ ಸಾಧಾರಣ ವೇಗದಲ್ಲಿ ಓಡಿಸಿ ನಿಲ್ಲಿಸಿ. ಗಾಲಿಯ ನಡುಭಾಗದ ಹತ್ತಿರ ಅಂಗೈ ಒಯ್ಯಿರಿ, ಮುಟ್ಟಬೇಡಿ. ಒಂದು ಕಡೆ ಝಳ, ಇನ್ನೊಂದು ಕಡೆ ತಂಪು ಅಂದರೆ ಝಳ ಬರುವ ಕಡೆ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇದೆ.

## ಹಂತ 2: ಸಾಮಾನು ಮತ್ತು ಜಾಗ

ಮಟ್ಟಸವಾದ ಗಟ್ಟಿ ನೆಲ ಬೇಕು. ಮಣ್ಣಿನ ಅಂಗಳದಲ್ಲಿ, ಅದರಲ್ಲೂ ಮಳೆ ಬಿದ್ದ ಎರಿ (ಕಪ್ಪು) ಮಣ್ಣಿನ ಮೇಲೆ, ಜಾಕ್ ಹಚ್ಚಬೇಡಿ. ಜಾಕಿನ ಪಾದ ನೋಡನೋಡುತ್ತಲೇ ವಾಲುತ್ತದೆ.

ಬೇಕಾಗುವ ಸಾಮಾನು: ಜಾಕ್, ಒಂದು ಜೊತೆ ಜಾಕ್ ಸ್ಟ್ಯಾಂಡ್, ಗಾಲಿಗೆ ಕೊಡಲು ಮರದ ತುಂಡು ಅಥವಾ ಕಲ್ಲು, ಗಾಲಿ ಪಾನಾ, ಸಾಕೆಟ್ ಸೆಟ್, ಟಾರ್ಕ್ ಪಾನಾ (ನಟ್ಟಿನ ಬಿಗಿತ ಅಳೆದು ತೋರಿಸುವ ಪಾನಾ), ಉದ್ದ ಮೂಗಿನ ಪಕ್ಕಡ, ಚಪ್ಪಟೆ ಸ್ಕ್ರೂಡ್ರೈವರ್ ಎರಡು, ರಬ್ಬರ್ ಸುತ್ತಿಗೆ, 8 ಎಂಎಂ ಬೋಲ್ಟ್ ಎರಡು, ತಂತಿ ಬ್ರಷ್, ಬ್ರೇಕ್ ಕ್ಲೀನರ್ ಡಬ್ಬಿ, ಬಿಸಿ ತಡೆಯುವ ಬ್ರೇಕ್ ಗ್ರೀಸ್, ಮಾಸ್ಕ್, ಕೈಗವಸು, ಕನ್ನಡಕ. ಸ್ಪ್ರಿಂಗ್ ಬಿಚ್ಚುವ ಪಕ್ಕಡ ಸಿಕ್ಕರೆ ಕೈ ಉಳಿಯುತ್ತದೆ.

ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಡಿಯ ಜೊತೆ ಬರುವ ಜಾಕ್ ಇರುವುದು ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಅದನ್ನೇ ನಂಬಿ ಗಂಟೆಗಟ್ಟಲೆ ಕೆಲಸ ಮಾಡುವಂತಿಲ್ಲ. ಸಿಮೆಂಟ್ ಬ್ಲಾಕ್, ಇಟ್ಟಿಗೆ ಕೊಡುವುದು ನಮ್ಮ ಕಡೆ ಬಹಳ ರೂಢಿ. ಒಂದೇ ಬಿಂದುವಿನಲ್ಲಿ ಭಾರ ಬಿದ್ದಾಗ ಅವು ಸೂಚನೆಯೇ ಇಲ್ಲದೆ ಸೀಳಿಹೋಗುತ್ತವೆ.

ಶೂ ಕೊಳ್ಳುವಾಗ ಗಾಡಿಯ ಮಾಡೆಲ್ ಜೊತೆಗೆ ತಯಾರಾದ ವರ್ಷವನ್ನೂ ಹೇಳಿ. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದಂತೆ ಡ್ರಮ್ ಅಳತೆ ಬದಲಾಗಿರಬಹುದು. ಗೋಕುಲ ರಸ್ತೆಗೆ ಹೋಗಿ "ಸಣ್ಣ ಕಾರಿನ ಲೈನರ್ ಕೊಡ್ರಿ" ಅಂದರೆ ಕೈಗೆ ಬರುವುದು ಯಾವುದೋ ಒಂದು ಸೆಟ್. ಹಳೆಯ ಶೂ ಜೊತೆಗೆ ಒಯ್ದು ಪಕ್ಕಕ್ಕಿಟ್ಟು ಹೋಲಿಸಿ: ಅಗಲ, ಬಾಗು, ಸ್ಪ್ರಿಂಗಿನ ತೂತುಗಳ ಜಾಗ. ಹಳೆಯ ಪಟ್ಟಿಗೇ ಹೊಸ ಲೈನಿಂಗ್ ಅಂಟಿಸಿಕೊಡುವವರೂ ಇದ್ದಾರೆ. ಖರ್ಚು ಕಡಿಮೆ, ನಿಜ. ಆದರೆ ಅಂಟು ಹೇಗೆ ಕೂತಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ, ಅದು ಬಿಟ್ಟುಕೊಂಡರೆ ಲೈನಿಂಗ್ ತುಂಡು ಡ್ರಮ್ಮಿನೊಳಗೆ ಸಿಕ್ಕಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ಕಾರಿಗೆ ಪೂರ್ತಿ ಹೊಸ ಸೆಟ್ಟೇ ಹಾಕಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಸ್ಪ್ರಿಂಗ್ ಮತ್ತು ಪಿನ್‌ಗಳ ಕಿಟ್ ಕೂಡ ಜೊತೆಗೇ ತನ್ನಿ. ಬಿಸಿಯುಂಡ ಹಳೆಯ ಸ್ಪ್ರಿಂಗಿಗೆ ಎಳೆತ ಉಳಿದಿರುವುದಿಲ್ಲ.

ಒಂದೇ ಕಡೆಯ ಶೂ ಬದಲಿಸುವುದು ಯಾವತ್ತೂ ಬೇಡ. ಎಡ ಬಲ ಎರಡೂ ಒಟ್ಟಿಗೇ ಬದಲಾಗಬೇಕು. ಇಲ್ಲದಿದ್ದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.

## ಹಂತ 3: ಗಾಡಿ ಎತ್ತುವುದು

ಮೊದಲು ಎರಡೂ ಮುಂದಿನ ಗಾಲಿಗಳಿಗೆ ಹಿಂದೆ-ಮುಂದೆ ಕಲ್ಲು ಕೊಡಿ. ಗಾಡಿಯನ್ನು ಒಂದನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಡ್ರಮ್ ಬರುವುದಿಲ್ಲ. ಈಕೋ, ಓಮ್ನಿ, ಬೊಲೆರೊದಂಥ ಹಿಂದಿನ ಗಾಲಿಗೆ ಎಳೆತವಿರುವ ಗಾಡಿಗಳಲ್ಲಿ ಮಾತ್ರ ಗೇರ್ ನ್ಯೂಟ್ರಲ್ ಇರಬೇಕು, ಇಲ್ಲದಿದ್ದರೆ ಡ್ರಮ್ ತಿರುಗುವುದಿಲ್ಲ. ಹಾಗಾಗಿ ಅವುಗಳಿಗೆ ಮುಂದಿನ ಗಾಲಿಯ ಕಲ್ಲೇ ಆಧಾರ. ದೊಡ್ಡ, ಜಾರದ ಕಲ್ಲು ಕೊಡಿ.

ಗಾಲಿ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಜಾಕ್ ಎಲ್ಲಿ ಕೊಡಬೇಕು, ಸ್ಟ್ಯಾಂಡ್ ಎಲ್ಲಿ ಇಡಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿ ಚಿತ್ರಸಮೇತ ಇರುತ್ತದೆ. ಸ್ಟ್ಯಾಂಡ್ ಮೇಲೆ ಭಾರ ಕೂತ ಮೇಲೆ ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿ. ಬಿಚ್ಚಿದ ಗಾಲಿಯನ್ನು ಗಾಡಿಯ ಕೆಳಗೆ ಮಲಗಿಸಿಡಿ. ಏನಾದರೂ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

## ಹಂತ 4: ಡ್ರಮ್ ತೆಗೆಯುವುದು

ಕೈಯಿಂದ ಎಳೆದರೆ ಬರುವ ಡ್ರಮ್ ಅಪರೂಪ. ನಮ್ಮ ಕಡೆ ಮಳೆಗಾಲ ಕಳೆದ ಗಾಡಿಗಳಲ್ಲಂತೂ ಡ್ರಮ್ ಹಬ್ಬಿಗೆ, ಅಂದರೆ ಗಾಲಿ ಕೂರುವ ನಡುಭಾಗಕ್ಕೆ, ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ.

ಮೊದಲು ಒಳಗಿನ ಹ್ಯಾಂಡ್‌ಬ್ರೇಕ್ ಲಿವರಿನ ಬುಡದಲ್ಲಿರುವ ಕೇಬಲ್ ನಟ್ಟನ್ನು ಪೂರ್ತಿ ಸಡಿಲಿಸಿ. ಈ ಕೆಲಸ ಇಲ್ಲಿ ಬಿಟ್ಟರೆ ಹಂತ 8ರಲ್ಲಿ ಎಲ್ಲವೂ ತಪ್ಪುತ್ತದೆ. ಆಮೇಲೆ ಡ್ರಮ್ಮಿನ ಮುಖದ ಮೇಲೆ ಎದುರುಬದುರು ಎರಡು ಥ್ರೆಡ್ ಇರುವ ತೂತು ಹುಡುಕಿ. ಹೆಚ್ಚಿನ ಕಾರುಗಳಲ್ಲಿ 8 ಎಂಎಂ ಬೋಲ್ಟ್ ಅದಕ್ಕೆ ಕೂರುತ್ತದೆ. ಎರಡೂ ಬೋಲ್ಟುಗಳನ್ನು ಅರ್ಧರ್ಧ ಸುತ್ತು ಒಂದಾದ ಮೇಲೊಂದು ಬಿಗಿ ಮಾಡುತ್ತ ಹೋಗಿ. ಟಕ್ ಅಂತ ಸದ್ದಾಗಿ ಡ್ರಮ್ ಹಬ್ಬಿನಿಂದ ಬಿಡುತ್ತದೆ. ಒಂದೇ ಬೋಲ್ಟ್ ಬಿಗಿ ಮಾಡಿದರೆ ಡ್ರಮ್ ಓರೆಯಾಗಿ ಇನ್ನಷ್ಟು ಕಚ್ಚುತ್ತದೆ.

ಹಬ್ಬಿನಿಂದ ಬಿಟ್ಟರೂ ಹೊರಗೆ ಬರುತ್ತಿಲ್ಲ ಅಂದರೆ ಸವೆದ ಡ್ರಮ್ಮಿನ ಅಂಚಿನಲ್ಲಿ ಎದ್ದ ದಿಂಡಿಗೆ ಶೂ ಸಿಕ್ಕಿಕೊಂಡಿದೆ. ಹಿಂದಿನ ತಗಡಿನಲ್ಲಿ, ಅಂದರೆ ಬ್ಯಾಕಿಂಗ್ ಪ್ಲೇಟಿನಲ್ಲಿ, ರಬ್ಬರ್ ಬಿರಡೆ ಇರುವ ತೂತಿದ್ದರೆ ಅದನ್ನು ತೆಗೆದು ಸ್ಕ್ರೂಡ್ರೈವರ್‌ನಿಂದ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ. ಸುತ್ತಿಗೆಯಿಂದ ಬಡಿಯಲೇಬೇಕಾದರೆ ರಬ್ಬರ್ ಸುತ್ತಿಗೆಯಿಂದ ಸ್ಟಡ್‌ಗಳ (ಗಾಲಿಯ ನಟ್ ಕೂರುವ ಬೋಲ್ಟುಗಳ) ನಡುವಿನ ಮುಖದ ಮೇಲೆ ಬಡಿಯಿರಿ. ಅಂಚಿಗೆ ಕಬ್ಬಿಣದ ಸುತ್ತಿಗೆ ಬೇಡ. ಡ್ರಮ್ ಬೀಡು ಕಬ್ಬಿಣದ್ದು, ಸೀಳುತ್ತದೆ.

ಕೆಲವು ಕಾರುಗಳಲ್ಲಿ ಗಾಲಿಯ ಬೇರಿಂಗ್ ಡ್ರಮ್ಮಿನಲ್ಲೇ ಕೂತಿರುತ್ತದೆ. ನಡುವಿನ ಟೊಪ್ಪಿಗೆ ತೆಗೆದು ದೊಡ್ಡ ನಟ್ ಬಿಚ್ಚದೆ ಡ್ರಮ್ ಬರುವುದಿಲ್ಲ. ಆ ನಟ್ಟನ್ನು ಮತ್ತೆ ಹಾಕುವಾಗ ಕಂಪನಿ ಹೇಳಿದ ಬಿಗಿತ ತಪ್ಪಿದರೆ ಬೇರಿಂಗ್ ಹಾಳಾಗುತ್ತದೆ, ಗಾಲಿಯೇ ಸಡಿಲಾಗಬಹುದು. ನಿಮ್ಮ ಗಾಡಿ ಈ ಬಗೆಯದಾಗಿದ್ದು ಟಾರ್ಕ್ ಪಾನಾ ಇಲ್ಲದಿದ್ದರೆ ಇಲ್ಲಿಂದ ಮುಂದಿನದನ್ನು ಮಿಸ್ತ್ರಿಗೆ ಬಿಡಿ.

ಡ್ರಮ್ ಹೊರಗಿರುವಷ್ಟು ಹೊತ್ತು ಯಾರೂ ಬ್ರೇಕ್ ಪೆಡಲ್ ಮುಟ್ಟಬಾರದು. ಮಕ್ಕಳು ಸ್ಟೇರಿಂಗ್ ಹಿಡಿದು ಆಡಲು ಒಳಗೆ ಹತ್ತುತ್ತಾರೆ. ಬಾಗಿಲು ಲಾಕ್ ಮಾಡಿ. ಒಮ್ಮೆ ಪೆಡಲ್ ಒತ್ತಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರಿ, ಆಯಿಲ್ ಚೆಲ್ಲಿ, ಕೆಲಸ ದುಪ್ಪಟ್ಟಾಗುತ್ತದೆ.

## ಹಂತ 5: ಧೂಳು ತೆಗೆದು ಪರೀಕ್ಷಿಸುವುದು

ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದಲೂ ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದರ ನಾರು ಶ್ವಾಸಕೋಶಕ್ಕೆ ಇಳಿದರೆ ವರ್ಷಗಳ ಮೇಲೆ ರೋಗ ತರುತ್ತದೆ. ಮಾಸ್ಕ್ ಹಾಕಿ, ಕೆಳಗೆ ಅಗಲ ಬುಟ್ಟಿ ಇಟ್ಟು, ಬ್ರೇಕ್ ಕ್ಲೀನರ್ ಅಥವಾ ಸೋಪು ನೀರು ಸಿಂಪಡಿಸಿ ಒದ್ದೆ ಮಾಡಿಯೇ ಒರೆಸಿ. ಗ್ಯಾರೇಜುಗಳಲ್ಲಿ ದಿನವಿಡೀ ಈ ಕೆಲಸ ಮಾಡುವ ಹುಡುಗರಿಗೆ ಮಾಸ್ಕ್ ಇಲ್ಲದ್ದು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ನಿಮ್ಮ ಗಾಡಿ ಬಿಟ್ಟುಹೋಗುವಾಗ ಅವರಿಗೂ ಈ ಮಾತು ಹೇಳಿ.

ಇನ್ನು ಒಂದೊಂದಾಗಿ ನೋಡಿ.

ಲೈನಿಂಗ್. ಹೊಸ ಶೂನಲ್ಲಿ ಸುಮಾರು 4ರಿಂದ 5 ಮಿ.ಮೀ. ದಪ್ಪ ಇರುತ್ತದೆ. ಹೆಚ್ಚಿನ ಗಾಡಿಗಳಿಗೆ 1 ಮಿ.ಮೀ. ಆಸುಪಾಸು ಕೊನೆಯ ಮಿತಿ. ನಿಖರ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ್ದೇ ಆಗಿರಬೇಕು. 2 ಮಿ.ಮೀ.ಗೆ ಇಳಿದಾಗಲೇ ಬದಲಿಸಿಬಿಡಿ, ಹೇಗೂ ಬಿಚ್ಚಿದ್ದೀರಿ. ಅಳೆಯಬೇಕಾದದ್ದು ಅತಿ ತೆಳುವಾದ ಜಾಗದಲ್ಲಿ. ರಿವೆಟ್ ಇದ್ದರೆ ಅದರ ತಲೆಯಿಂದ ಮೇಲೆ ಎಷ್ಟು ಉಳಿದಿದೆ ಅನ್ನುವುದೇ ಲೆಕ್ಕ. ದಪ್ಪ ಉಳಿದಿದ್ದರೂ ಬಿರುಕು ಬಿಟ್ಟಿದ್ದರೆ, ಆಯಿಲ್ ಅಥವಾ ಗ್ರೀಸ್ ಕುಡಿದಿದ್ದರೆ ಆ ಶೂ ಮುಗಿಯಿತು. ಚಿಮಣಿ ಎಣ್ಣೆಯಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕುವ ಚಾಳಿ ಬಿಡಿ. ಎಣ್ಣೆ ಒಳಗೆ ಇಳಿದಿರುತ್ತದೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ.

ವೀಲ್ ಸಿಲಿಂಡರ್. ಬಹಳ ಜನ ನೋಡದೆ ಬಿಡುವುದು ಇದನ್ನೇ. ಎರಡು ತುದಿಯಲ್ಲಿರುವ ರಬ್ಬರ್ ಬೂಟಿನ ಅಂಚನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ನಾಜೂಕಾಗಿ ಎತ್ತಿ ನೋಡಿ. ಒಳಗೆ ಬೆರಳಿಗೆ ಅಂಟುವಷ್ಟು ತೇವ ಇದ್ದರೆ ನಡೆಯುತ್ತದೆ. ಆಯಿಲ್ ಹನಿಯಾಗಿ ಇಳಿದರೆ ಸಿಲಿಂಡರ್ ಬದಲಿಸಲೇಬೇಕು. ಸಿಲಿಂಡರ್ ಬದಲಿಸಿದ ಮೇಲೆ ಗಾಳಿ ತೆಗೆಯುವ ಕೆಲಸ, ಅಂದರೆ ಬ್ಲೀಡಿಂಗ್, ಆಗಲೇಬೇಕು. ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಕಾರುಗಳಲ್ಲಿ ಅದಕ್ಕೆ ಸ್ಕ್ಯಾನರ್ ಬೇಕಾಗಬಹುದು, ಗ್ಯಾರೇಜಿನಲ್ಲಿ ಮಾಡಿಸಿ. ಸೋರುವ ಸಿಲಿಂಡರಿನ ಜೊತೆ ಹೊಸ ಶೂ ಹಾಕಿದರೆ ಆ ಶೂ ಕೂಡ ಎಣ್ಣೆ ಕುಡಿದು ಹಾಳಾಗುತ್ತದೆ, ಹಣ ನೀರುಪಾಲು.

ಡ್ರಮ್. ಒಳಮೈ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಲೇತಿಗೆ ಹಾಕಿಸಿ ಒಳಮೈ ಕೆತ್ತಿ ಸಮ ಮಾಡಿಸಬೇಕು. ಅದಕ್ಕೂ ಒಂದು ಮಿತಿ ಇದೆ: ಡ್ರಮ್ಮಿನ ಮೇಲೆಯೇ ಗರಿಷ್ಠ ಒಳವ್ಯಾಸ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಹೊಸ ಅಳತೆಗಿಂತ 1ರಿಂದ 2 ಮಿ.ಮೀ. ಹೆಚ್ಚು. ಲೇತ್ ಮಾಡಿದ ಮೇಲೆ ಅದನ್ನು ದಾಟುವಂತಿದ್ದರೆ ಹೊಸ ಡ್ರಮ್ ತರಬೇಕು. ಎರಡೂ ಡ್ರಮ್ ಒಂದೇ ಅಳತೆಗೆ ಬರಲಿ. ನೀಲಿ ಕಲೆಗಳಿದ್ದರೆ ಡ್ರಮ್ ಅತಿಯಾಗಿ ಕಾದಿತ್ತು ಎಂದರ್ಥ, ಬಿರುಕಿದೆಯೇ ಬೆಳಕಿಗೆ ಹಿಡಿದು ನೋಡಿ. ಬಿರುಕು ಕಂಡರೆ ಗುಜರಿಗೆ ಹಾಕಿ.

ಬ್ಯಾಕಿಂಗ್ ಪ್ಲೇಟ್. ಶೂಗಳ ಅಂಚು ತಾಗುವ ಕಡೆ ಸ್ವಲ್ಪ ಉಬ್ಬಿದ ಚುಕ್ಕೆಗಳಿರುತ್ತವೆ, ಒಂದೊಂದು ಶೂಗೆ ಸಾಮಾನ್ಯವಾಗಿ ಮೂರು. ಅಲ್ಲಿ ತಗ್ಗು ಬಿದ್ದು ಮೆಟ್ಟಿಲಾಗಿದ್ದರೆ ಶೂ ಅದರಲ್ಲಿ ಸಿಕ್ಕಿ ಹಿಂದಕ್ಕೆ ಬರುವುದಿಲ್ಲ. ಕಾರಣವೇ ತಿಳಿಯದೆ ಗಾಲಿ ಬಿಸಿಯಾಗುತ್ತಿದ್ದರೆ ಹಲವು ಸಲ ಇದೇ ಕಾರಣ.

## ಹಂತ 6: ಹಳೆಯ ಶೂ ಬಿಚ್ಚುವುದು

ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆಗೆ ಹೋಗಿ. ಎರಡನ್ನೂ ಒಟ್ಟಿಗೆ ಬಿಚ್ಚಿ ಕೂತರೆ ಯಾವ ಸ್ಪ್ರಿಂಗ್ ಎಲ್ಲಿತ್ತು ಎಂದು ನೋಡಿಕೊಳ್ಳಲು ನಮೂನೆಯೇ ಇರುವುದಿಲ್ಲ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಮೇಲಿನಿಂದ, ಕೆಳಗಿನಿಂದ, ಎರಡು ಪಕ್ಕದಿಂದ ಫೋಟೊ ತೆಗೆಯಿರಿ. ಸ್ಪ್ರಿಂಗಿನ ಕೊಕ್ಕೆ ಶೂಗೆ ಮುಂದಿನಿಂದ ಹೊಕ್ಕಿದೆಯೋ ಹಿಂದಿನಿಂದಲೋ ಅನ್ನುವುದು ಫೋಟೊದಲ್ಲಿ ಕಾಣಬೇಕು.

ಕ್ರಮ ಹೀಗೆ: ಮೊದಲು ಶೂಗಳನ್ನು ತಗಡಿಗೆ ಹಿಡಿದಿಟ್ಟ ಪಿನ್ ಸ್ಪ್ರಿಂಗ್. ಹಿಂದಿನಿಂದ ಪಿನ್ನಿನ ತಲೆಯನ್ನು ಬೆರಳಿನಿಂದ ಒತ್ತಿಹಿಡಿದು, ಮುಂದಿನ ಬಟ್ಟಲನ್ನು ಪಕ್ಕಡದಿಂದ ಒತ್ತಿ ಕಾಲು ಸುತ್ತು ತಿರುಗಿಸಿದರೆ ಬಿಡುತ್ತದೆ. ಆಮೇಲೆ ಎರಡೂ ಶೂಗಳನ್ನು ಕೆಳಗಿನ ಆಧಾರದಿಂದ ಹೊರಗೆಳೆದು ಕೆಳಗಿನ ಸ್ಪ್ರಿಂಗ್, ಕೊನೆಗೆ ಮೇಲಿನ ಸ್ಪ್ರಿಂಗ್ ಮತ್ತು ಅಡ್ಜಸ್ಟರ್. ಸ್ಪ್ರಿಂಗ್ ಬಿಚ್ಚುವಾಗ ಕಣ್ಣಿಗೆ ಕನ್ನಡಕ ಇರಲಿ. ಹಿಂದಿನ ಶೂನಿಂದ ಕೇಬಲ್ ಕೊಂಡಿ ಬಿಡಿಸುವಾಗ ಕೇಬಲನ್ನು ಮಡಚಬೇಡಿ. ಶೂಗಳು ಹೊರಬಂದ ಮೇಲೆ ಸಿಲಿಂಡರಿನ ಎರಡೂ ಪಿಸ್ಟನ್‌ಗಳ ಮೇಲೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿಡಿ, ಅವು ಹೊರಗೆ ಸರಿಯುವುದಿಲ್ಲ.

ಅಡ್ಜಸ್ಟರನ್ನು ಬೇರೆಯಾಗಿ ಕೈಗೆ ತಗೊಳ್ಳಿ. ನವಲಗುಂದ, ಅಣ್ಣಿಗೇರಿ, ಗದಗ ಸುತ್ತ ಹೊಲದ ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಇದರ ಹಲ್ಲುಗಳ ಸಂದಿಗೆ ಎರಿ ಮಣ್ಣು ಹೊಕ್ಕು, ಬ್ರೇಕಿನ ಬಿಸಿಗೆ ಕಲ್ಲಾಗಿರುತ್ತದೆ. ಹಲ್ಲು ಕಾಣುವುದೇ ಇಲ್ಲ, ನುಣುಪಾದ ಕಪ್ಪು ಉಂಡೆಯ ಹಾಗೆ ಕಾಣುತ್ತದೆ. ತಂತಿ ಬ್ರಷ್‌ನಿಂದ ಒಂದೊಂದು ಹಲ್ಲೂ ಬಿಡಿಸಿ, ಸ್ಕ್ರೂ ಪೂರ್ತಿ ಬಿಚ್ಚಿ ಒರೆಸಿ, ಥ್ರೆಡ್ಡಿಗೆ ಬ್ರೇಕ್ ಗ್ರೀಸ್ ತೆಳುವಾಗಿ ಹಚ್ಚಿ. ಬೆರಳಿನಿಂದಲೇ ಸಲೀಸಾಗಿ ತಿರುಗಬೇಕು. ಹಲ್ಲಿನ ಮೂಲೆ ಉರುಟಾಗಿದ್ದರೆ ಹೊಸದು ಹಾಕಿ. ಸ್ಕ್ರೂ ಬಗೆಯ ಅಡ್ಜಸ್ಟರುಗಳಲ್ಲಿ ಎಡಗಡೆಯದರ ಥ್ರೆಡ್ ಒಂದು ದಿಕ್ಕು, ಬಲಗಡೆಯದು ಇನ್ನೊಂದು. ಅದಲುಬದಲಾದರೆ ಬ್ರೇಕ್ ಹಾಕಿದ ಹಾಗೆಲ್ಲ ತೆರವು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಹೊಸ ಶೂ ಹಾಕಿದ ಮೇಲೂ ಪೆಡಲ್ ದಿನದಿಂದ ದಿನಕ್ಕೆ ಆಳಕ್ಕೆ ಹೋಗುತ್ತಿದ್ದರೆ ಮೊದಲು ಇದನ್ನೇ ನೋಡಿ.

## ಹಂತ 7: ಹೊಸ ಶೂ ಕೂರಿಸುವುದು

ಬ್ಯಾಕಿಂಗ್ ಪ್ಲೇಟಿನ ಉಬ್ಬು ಚುಕ್ಕೆಗಳಿಗೆ, ಕೆಳಗಿನ ಆಧಾರಕ್ಕೆ ಬ್ರೇಕ್ ಗ್ರೀಸನ್ನು ಬೆರಳ ತುದಿಯಷ್ಟು ಮಾತ್ರ ಸವರಿ. ಬೇರಿಂಗಿಗೆ ಹಾಕುವ ಸಾಧಾರಣ ಗ್ರೀಸ್ ಬಿಸಿಗೆ ಕರಗಿ ಲೈನಿಂಗ್ ಮೇಲೆ ಹರಿಯುತ್ತದೆ, ಅದು ಬೇಡ. ಗ್ರೀಸ್ ಕೆಲಸ ಮುಗಿದ ಕೂಡಲೇ ಕೈಗವಸು ಬದಲಿಸಿ, ಆಮೇಲೆಯೇ ಹೊಸ ಶೂ ಮುಟ್ಟಿ. ಶೂವನ್ನು ಕಬ್ಬಿಣದ ಅಂಚಿನಿಂದಷ್ಟೇ ಹಿಡಿಯಿರಿ.

ಪಾರ್ಕಿಂಗ್ ಲಿವರ್ ಇರುವ ಶೂ ಹಿಂಭಾಗಕ್ಕೆ, ಇನ್ನೊಂದು ಮುಂಭಾಗಕ್ಕೆ. ಕೆಲವು ಸೆಟ್‌ಗಳಲ್ಲಿ ಎರಡರ ಲೈನಿಂಗ್ ಉದ್ದ ಬೇರೆ ಇರುತ್ತದೆ, ಫೋಟೊ ನೋಡಿ ಹೊಂದಿಸಿ. ಹಳೆಯ ಶೂನಿಂದ ಪಾರ್ಕಿಂಗ್ ಲಿವರ್ ತೆಗೆದು ಹೊಸದಕ್ಕೆ ಹಾಕಬೇಕಿದ್ದರೆ ಅದರ ಕ್ಲಿಪ್ ಮಾತ್ರ ಹೊಸದಿರಲಿ.

ಕೇಬಲ್ ಕೊಂಡಿ ಹಾಕಿ, ಅಡ್ಜಸ್ಟರನ್ನು ಪೂರ್ತಿ ಗಿಡ್ಡ ಮಾಡಿ ನಡುವೆ ಕೂರಿಸಿ, ಸ್ಪ್ರಿಂಗುಗಳನ್ನು ಬಿಚ್ಚಿದ ಕ್ರಮಕ್ಕೆ ಉಲ್ಟಾ ಹಾಕುತ್ತ ಬನ್ನಿ. ಎಲ್ಲ ಆದ ಮೇಲೆ ಇನ್ನೊಂದು ಕಡೆಯ ಡ್ರಮ್ ತೆಗೆದು ಪಕ್ಕಕ್ಕೆ ಪಕ್ಕ ಹೋಲಿಸಿ. ಅದು ಇದರ ಕನ್ನಡಿ ಬಿಂಬದ ಹಾಗೆ ಕಾಣಬೇಕು. ಶೂಗಳನ್ನು ಎರಡೂ ಕೈಯಿಂದ ಮೇಲೆ ಕೆಳಗೆ ಅಲುಗಿಸಿ ನಡುವಿಗೆ ತನ್ನಿ.

ಕೊನೆಯದಾಗಿ ಒಂದು ತಪಾಸಣೆ. ಪಾರ್ಕಿಂಗ್ ಲಿವರ್ ಹಿಂದಿನ ಶೂವಿನ ಪಟ್ಟಿಗೆ ಪೂರ್ತಿ ತಾಗಿ ಕೂತಿದೆಯೇ? ಕೂದಲೆಳೆಯಷ್ಟು ಸಂದು ಕಂಡರೂ ಕೇಬಲ್ ಇನ್ನೂ ಎಳೆಯುತ್ತಿದೆ. ಹಂತ 4ಕ್ಕೆ ಹಿಂತಿರುಗಿ ನಟ್ ಸಡಿಲಿಸಿ.

## ಹಂತ 8: ಹೊಂದಿಸುವುದು. ಮೊದಲು ಶೂ, ಆಮೇಲೆ ಪೆಡಲ್, ಕೊನೆಗೆ ಕೇಬಲ್

ಡ್ರಮ್ಮಿನ ಒಳಮೈಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಹೊಸ ಡ್ರಮ್ ಆದರೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಅದನ್ನು ತೊಳೆಯದೆ ಹಾಕಬೇಡಿ.

ಅಡ್ಜಸ್ಟರನ್ನು ಎರಡೆರಡು ಹಲ್ಲು ಉದ್ದ ಮಾಡುತ್ತ, ಪ್ರತಿ ಸಲ ಡ್ರಮ್ ತೂರಿಸಿ ನೋಡುತ್ತ ಹೋಗಿ. ಡ್ರಮ್ ಸಲೀಸಾಗಿ ಹೊಕ್ಕು, ತಿರುಗಿಸಿದಾಗ ಸಣ್ಣಗೆ ಸರ್ ಎಂಬ ಸದ್ದು ಬಂದರೆ ಸಾಕು. ಎರಡೂ ಕಡೆ ಒಂದೇ ಹದಕ್ಕೆ ಬರಲಿ.

ಎರಡೂ ಡ್ರಮ್ ಒಳಗೆ ಕೂತ ಮೇಲೆ, ಗಾಲಿ ಹಾಕಿ ನಟ್ ಕೈಬಿಗಿ ಮಾಡಿದ ಮೇಲೆ, ಈಗ ಪೆಡಲ್. ನಿಧಾನವಾಗಿ, ಪೂರ್ತಿಯಾಗಿ ಹದಿನೈದು-ಇಪ್ಪತ್ತು ಸಲ ಒತ್ತಿ. ಹಿಂದಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬಂದರೆ ಅಡ್ಜಸ್ಟರ್ ಹಲ್ಲು ಹತ್ತುತ್ತಿದೆ. ಸದ್ದು ನಿಂತು ಪೆಡಲ್ ಎತ್ತರದಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಹ್ಯಾಂಡ್‌ಬ್ರೇಕಿನಿಂದ ಹೊಂದುವ ಬಗೆಯಾದರೆ ಲಿವರನ್ನೂ ಹತ್ತಿಪ್ಪತ್ತು ಸಲ ಎಳೆದು ಬಿಡಿ. ಹೊಸ ಲೈನಿಂಗ್ ದಪ್ಪವಾಗಿರುವುದರಿಂದ ಡಬ್ಬಿಯಲ್ಲಿ ಆಯಿಲ್ ಮಟ್ಟ ಏರಿರಬಹುದು, ಗರಿಷ್ಠ ಗೆರೆ ದಾಟದಂತೆ ನೋಡಿ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ತಕ್ಷಣ ನೀರು ಸುರಿದು ತೊಳೆಯಿರಿ.

ಇದಾದ ಮೇಲಷ್ಟೇ ಕೇಬಲ್ ನಟ್. ಸ್ವಲ್ಪ ಬಿಗಿ ಮಾಡುವುದು, ಲಿವರ್ ಎಳೆದು ಎಷ್ಟು ಕ್ಲಿಕ್ಕಿಗೆ ಗಾಲಿ ನಿಲ್ಲುತ್ತದೆ ನೋಡುವುದು, ಮತ್ತೆ ಸ್ವಲ್ಪ. ಬಹಳಷ್ಟು ಕಾರುಗಳಲ್ಲಿ 5ರಿಂದ 8 ಕ್ಲಿಕ್ ಒಳಗೆ ಹಿಡಿತ ಬರುತ್ತದೆ, ನಿಮ್ಮ ಗಾಡಿಯ ಪುಸ್ತಕದ ಅಂಕಿಯನ್ನೇ ಪಾಲಿಸಿ. ಎರಡೇ ಕ್ಲಿಕ್ಕಿಗೆ ಕಲ್ಲಿನ ಹಾಗೆ ನಿಂತರೆ ಖುಷಿಪಡಬೇಡಿ, ಅದು ಅತಿ ಬಿಗಿ. ಲಿವರ್ ಪೂರ್ತಿ ಇಳಿಸಿ ಎರಡೂ ಗಾಲಿ ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು.

ಗಾಡಿ ಕೆಳಗಿಳಿಸಿ ಗಾಲಿ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ, ಪುಸ್ತಕದಲ್ಲಿರುವ ಟಾರ್ಕಿಗೆ ಬಿಗಿ ಮಾಡಿ. ಪಾನಾದ ಮೇಲೆ ಹತ್ತಿ ನಿಂತು ತುಳಿಯುವುದು ಬೇಡ, ಸ್ಟಡ್ ಎಳೆದು ತುಂಡಾಗುತ್ತದೆ.

## ಹಂತ 9: ರಸ್ತೆಗೆ ಇಳಿಸುವುದು

ಮೊದಲು ಅಂಗಳದಲ್ಲೇ, ನಡಿಗೆಯ ವೇಗದಲ್ಲಿ, ಮೂರ್ನಾಲ್ಕು ಸಲ ಬ್ರೇಕ್ ಹಾಕಿ ನೋಡಿ. ಆಮೇಲೆ ಬೆಳಗಿನ ಖಾಲಿ ರಸ್ತೆ. 40 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸುವುದನ್ನು ಹತ್ತು-ಹದಿನೈದು ಸಲ ಮಾಡಿ, ನಡುನಡುವೆ ಅರ್ಧ ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ಡ್ರಮ್ ಆರಲು ಬಿಡಿ. ಹೊಸ ಲೈನಿಂಗ್ ಡ್ರಮ್ಮಿನ ಬಾಗಿಗೆ ಕೂರುವವರೆಗೆ ಪೂರ್ತಿ ಹಿಡಿತ ಬರುವುದಿಲ್ಲ. ಮೊದಲ 200-300 ಕಿಲೋಮೀಟರ್ ಮುಂದಿನ ಗಾಡಿಯಿಂದ ಹೆಚ್ಚು ಅಂತರ ಇಟ್ಟುಕೊಳ್ಳಿ. ಇದಾಗುವ ಮೊದಲೇ ಹೆದ್ದಾರಿ 48ರ ಬೈಪಾಸಿಗೆ ಇಳಿಯಬೇಡಿ.

ಹ್ಯಾಂಡ್‌ಬ್ರೇಕ್ ಪರೀಕ್ಷೆಗೆ ಏರು ಬೇಕು. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟಕ್ಕೆ ಹೋಗುವ ಏರು ಸಾಕು, ಆದರೆ ವಾಕಿಂಗ್ ಜನ ಇಲ್ಲದ ಹೊತ್ತು ಆರಿಸಿ. ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಕಾಲನ್ನು ಪೆಡಲ್ ಮೇಲೆಯೇ ಇಟ್ಟುಕೊಂಡು ಒತ್ತಡ ನಿಧಾನವಾಗಿ ಬಿಡಿ. ಗಾಡಿ ಕದಲಬಾರದು. ಕದಲಿದರೆ ಕೇಬಲಿಗೆ ಕೈ ಹಾಕುವ ಮೊದಲು ಪೆಡಲ್ ಮತ್ತೆ ಇಪ್ಪತ್ತು ಸಲ ಒತ್ತಿ ನೋಡಿ. ಅಡ್ಜಸ್ಟರಿಗೆ ಇನ್ನೂ ಒಂದೆರಡು ಹಲ್ಲು ಬಾಕಿ ಇರಬಹುದು.

## ನಮ್ಮ ಮಣ್ಣಿಗೆ, ಮಳೆಗೆ, ಘಟ್ಟಕ್ಕೆ ತಕ್ಕ ನಿರ್ವಹಣೆ

ಸಾಧಾರಣ ಊರೊಳಗಿನ ಓಡಾಟಕ್ಕೆ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಡ್ರಮ್ ಬಿಚ್ಚಿ ನೋಡಿದರೆ ಸಾಕು. ಎರಿ ಹೊಲದ ದಾರಿಯಲ್ಲಿ ಓಡುವ ಗಾಡಿಯಾದರೆ ಮಳೆಗಾಲ ಮುಗಿದ ಮೇಲೆ ಒಮ್ಮೆ ತಪ್ಪದೆ ಬಿಚ್ಚಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳಿರುತ್ತಾರೆ. ಆಯಿಲ್ಲಿನ ದರ್ಜೆ ಡಾಟ್ 3 ಅಥವಾ ಡಾಟ್ 4, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾಲ್ಕೈದು ದಿನ ಗಾಡಿ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು ಬಿಡಿ. ಎಳೆದಿಟ್ಟರೆ ಶೂ ಮತ್ತು ಡ್ರಮ್ ತುಕ್ಕಿನಲ್ಲಿ ಬೆಸೆದುಕೊಳ್ಳುತ್ತವೆ. ಆಗ ಆಕ್ಸಲರೇಟರ್ ಒತ್ತಿ ಜಗ್ಗಿದರೆ ಲೈನಿಂಗ್ ಕಿತ್ತುಬರಬಹುದು. ಗೇರಿನಲ್ಲಿ ಮೆಲ್ಲಗೆ ಹಿಂದೆ-ಮುಂದೆ ಮಾಡಿ ನೋಡಿ, ಬಿಡದಿದ್ದರೆ ಗಾಲಿ ತೆಗೆದು ಡ್ರಮ್ಮಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಅಂಡರ್‌ಪಾಸಿನಲ್ಲಿ ನಿಂತ ನೀರು ದಾಟಿ ಬಂದ ಮೇಲೆ ಸ್ವಲ್ಪ ದೂರ ಪೆಡಲ್ ಹಗುರವಾಗಿ ಒತ್ತುತ್ತ ಓಡಿಸಿ, ಲೈನಿಂಗ್ ಆರುತ್ತದೆ.

ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಬ್ರೇಕ್ ಮೇಲೆಯೇ ಭಾರ ಹಾಕಿ ಇಳಿಯುವವರು ಬಹಳ. ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಒತ್ತಿ ಬಿಡುತ್ತ ಬಳಸಿ. ಘಟ್ಟ ಇಳಿದ ಕೂಡಲೇ ಚಹಾಕ್ಕೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಬೇಡಿ. ಕಾದು ಹಿಗ್ಗಿದ ಡ್ರಮ್ ಆರುತ್ತ ಕುಗ್ಗಿ ಶೂಗಳನ್ನು ಕಚ್ಚಿ ಹಿಡಿಯುತ್ತದೆ. ಮಟ್ಟಸ ಜಾಗದಲ್ಲಿ ಗೇರಿಗೆ ಹಾಕಿ ಕಲ್ಲು ಕೊಡಿ.

ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂದು ಪೆಡಲ್ ಗಟ್ಟಿಯಿದ್ದರೂ ಗಾಡಿ ನಿಧಾನವಾಗುತ್ತಿಲ್ಲ ಅಂದರೆ ಬ್ರೇಕ್ ಅತಿಯಾಗಿ ಕಾದಿದೆ. ಗೇರ್ ಇಳಿಸಿ, ಬದಿಗೆ ನಿಲ್ಲಿಸಿ, ಅರ್ಧ ಗಂಟೆಯಾದರೂ ಆರಲು ಬಿಡಿ. ಡ್ರಮ್ಮಿಗೆ ನೀರು ಸುರಿಯಬೇಡಿ, ಸೀಳುತ್ತದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿದ್ದರೆ ಆಯಿಲ್ ಕುದಿದು ಆವಿಯಾಗಿದೆ. ಆರಿದ ಮೇಲೆ ಪೆಡಲ್ ಗಟ್ಟಿಯಾದರೂ ಮುಂದಿನ ಇಳಿಜಾರಿಗೆ ಹೋಗಬೇಡಿ, ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಟೋ ಮಾಡಿಸಿ, ಆಯಿಲ್ ಬದಲಿಸಿ ಶೂಗಳನ್ನು ಬಿಚ್ಚಿ ನೋಡಿಸಿ.